ಹಾಲಿನ ಕವರ್‌ಗಳಿಂದ ಒಂದು ಗಾಳಿಮನೆ

ಮೊದಲ ವಾರ ಮನೆಯೆಲ್ಲ ಹುಳಿ ವಾಸನೆ. ನಮ್ಮ ಬೀದಿಯ 12 ಮನೆಗಳಿಂದ ಖಾಲಿ ನಂದಿನಿ ಕವರ್ ತರುತ್ತಿದ್ದೆ. ಮೂಲೆ ಕತ್ತರಿಸಿ ಹಾಲು ಸುರಿದು ಹಾಗೇ ಬಿಟ್ಟರೆ ಒಳಗುಳಿದ ಹನಿ ಮರುದಿನವೇ ನಾರುತ್ತದೆ. ಖಾಲಿಯಾದ ತಕ್ಷಣ ತೊಳೆದು ಹಗ್ಗಕ್ಕೆ ಸಿಕ್ಕಿಸಿ ಅಂತ ಎಲ್ಲರನ್ನೂ ಕೇಳಿಕೊಂಡೆ. ಎರಡು ತಿಂಗಳಲ್ಲಿ 600 ಕವರ್ ಕೂಡಿದವು.

ಅರ್ಜೆಂಟೀನಾದ ಕಲಾವಿದ ತೊಮಾಸ್ ಸರಸೆನೊ 2007ರಲ್ಲಿ ಶುರು ಮಾಡಿದ ‘ಮ್ಯೂಸಿಯೋ ಏರೋ ಸೋಲಾರ್’ ನನ್ನ ತಲೆಯಲ್ಲಿ ಕೂತಿತ್ತು. ಬಳಸಿ ಬಿಟ್ಟ ಚೀಲಗಳನ್ನು ಅಂಟಿಸಿ ಮಾಡಿದ ದೊಡ್ಡ ಬಲೂನು ಅದು. ಒಳಗಿನ ಗಾಳಿ ಬಿಸಿಲಿಗೆ ಕಾದರೆ ಮೇಲೇಳುತ್ತದೆ. ನನಗೆ ಹಾರುವುದು ಬೇಕಿರಲಿಲ್ಲ. ಐದಾರು ಜನ ಒಳಗೆ ಕೂರುವ ಗುಮ್ಮಟ ಸಾಕಿತ್ತು.

ಟೇಪ್ ಹಚ್ಚಬಾರದು ಅಂತ ಮೊದಲೇ ತೀರ್ಮಾನಿಸಿದ್ದೆ. ಕಸದಿಂದ ಮಾಡಿದ್ದು ಕೊನೆಗೆ ಗುಜರಿಗೂ ಬೇಡವಾದರೆ ಏನು ಪ್ರಯೋಜನ, ಅಲ್ವಾ? ಹಾಲಿನ ಕವರ್ ಮೆತ್ತನೆಯ ಪಾಲಿಥೀನ್. ಇಸ್ತ್ರಿ ಪೆಟ್ಟಿಗೆಯ ಶಾಖಕ್ಕೇ ಕೂಡಿಕೊಳ್ಳುತ್ತದೆ. ಸೀರೆ ಬರುವ ಗರಿಗರಿ ಕವರ್ ಬೇರೆ ಜಾತಿ, ಇದಕ್ಕೆ ಹತ್ತುವುದಿಲ್ಲ. ಬಿಡಿಸಿದ ಎರಡು ಕವರ್‌ಗಳನ್ನು ಒಳಮೈಗೆ ಒಳಮೈ ತಾಗುವಂತೆ ಇಡಬೇಕು. ಹೊರಗಿನ ಶಾಯಿ ಮಧ್ಯೆ ಬಂದರೆ ಬೆಸುಗೆ ನಿಲ್ಲದು. ಕೆಳಗೂ ಮೇಲೂ ಬಟರ್ ಪೇಪರ್ ಹಾಕಿ, ಅಂಚಿನ ಮೇಲೆ ಪೆಟ್ಟಿಗೆ ಒತ್ತಿ ನಾಲ್ಕು ಎಣಿಸುವುದು. ಕಿಟಕಿ ತೆರೆದಿರಲಿ. ಹೊಗೆ ಬಂತೆಂದರೆ ಶಾಖ ಜಾಸ್ತಿ ಆಯ್ತು ಅಂತಲೇ ಅರ್ಥ.

ನಾನು ಎಡವಿದ್ದು ಅಲ್ಲೇ. ಮೊದಲ ಸಲ ಗಾಳಿ ತುಂಬಿದಾಗ ಚರ್ರಂತ ಹರಿಯಿತು. ಬೆಸುಗೆ ಬಿಟ್ಟಿರಲಿಲ್ಲ, ಅದರ ಪಕ್ಕದ ಹಾಳೆ ಬಿಸಿಗೆ ತೆಳುವಾಗಿತ್ತು. ಆಮೇಲೆ ಶಾಖ ಇಳಿಸಿದೆ. ಪೇಪರ್ ಕೆಳಗೇ ಪೂರ್ತಿ ತಣಿಯಲು ಬಿಟ್ಟೆ. ಕಾಯಲಾರದೆ ಎತ್ತಿದ ಕಡೆಯೆಲ್ಲ ಹಾಳೆ ಎಳೆದುಕೊಂಡು ಸುಕ್ಕಾಗಿತ್ತು.

ಸಣ್ಣಪುಟ್ಟ ತೂತಿಗೆ ಹೆದರಬೇಕಿಲ್ಲ. ಟೇಬಲ್ ಫ್ಯಾನ್ ಸತತ ಓಡುತ್ತಿದ್ದರೆ ಸೋರಿದಷ್ಟು ಗಾಳಿ ಮತ್ತೆ ತುಂಬಿಕೊಳ್ಳುತ್ತದೆ. ಗಾಳಿ ಬೀಸಿದರೆ ಮಾತ್ರ ಕಷ್ಟ. ಅಷ್ಟು ದೊಡ್ಡದಾದರೂ ಒಟ್ಟು ತೂಕ 2 ಕೆ.ಜಿ.ಯೂ ಇಲ್ಲ. ಅಂಚಿನ ಸುತ್ತ ಮರಳು ತುಂಬಿದ ಬಾಟಲಿಗಳನ್ನು ಸಾಲಾಗಿ ಇಟ್ಟೆ.

ಪಾರ್ಕಿನಲ್ಲಿ ಅದು ಎದ್ದು ನಿಂತಾಗ ಮೊದಲು ಒಳಗೆ ಬಂದವರು ಎದುರುಮನೆ ಅಜ್ಜಿ. ಬಿಳಿ ಹಾಳೆಯಲ್ಲಿ ಸೋಸಿ ಬರುವ ಬಿಸಿಲು, ಅಲ್ಲಲ್ಲಿ ನೀಲಿ ಕಲೆ, ಹಿಂದುಮುಂದಾದ ‘ನಂದಿನಿ’ ಅಕ್ಷರಗಳು. ಅಜ್ಜಿ ಸುಮ್ನೆ ತಲೆಯೆತ್ತಿ ನೋಡುತ್ತಾ ಕೂತರು. “ಬೆಳದಿಂಗಳ ಹಾಗಿದೆ ಕಣಮ್ಮ. ಇದರಲ್ಲಿ ನಮ್ಮನೆ ಕವರ್ ಯಾವುದು?” ಅಂದರು. ಇಬ್ಬರೂ ಸೇರಿ ಹುಡುಕಿದೆವು.