ಕಷಾಯವೂ ಮದ್ದಿನ ಲೆಕ್ಕಕ್ಕೆ ಬಂದ ಬಗೆ

ಉಡುಪಿಯ ಔಷಧದಂಗಡಿಯೊಂದರಲ್ಲಿ ಫಾರ್ಮಾಸಿಸ್ಟ್ ಆಗಿ ನನಗೆ ಹತ್ತೊಂಬತ್ತು ವರ್ಷಗಳಾದವು. ಮೊದಲ ಏಳೆಂಟು ವರ್ಷ ಚೀಟಿ ತಂದವರಲ್ಲಿ "ಬೇರೆ ಮದ್ದು ಏನಾದರೂ ಉಂಟಾ?" ಎಂದು ಕೇಳಿ, "ಇಲ್ಲ" ಎಂಬ ಉತ್ತರವನ್ನು ನಂಬಿ ಮಾತ್ರೆ ಕೊಡುತ್ತಿದ್ದೆ. ತಪ್ಪಿದ್ದು ನನ್ನ ಪ್ರಶ್ನೆಯಲ್ಲಿ ಎಂದು ತಿಳಿದದ್ದು ಒಂದು ಮಳೆಗಾಲದಲ್ಲಿ.

ಹೃದಯದ ಕವಾಟ ಬದಲಾಯಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಸೇವಿಸುತ್ತಿದ್ದ, ಅರುವತ್ತು ದಾಟಿದ ಹೆಂಗಸೊಬ್ಬರು ನಮ್ಮ ಕಾಯಂ ಗಿರಾಕಿ. ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಐಎನ್‌ಆರ್ ಅವರಿಗೆ 2.5ರಿಂದ 3.5ರ ನಡುವೆ ಇರಬೇಕಿತ್ತು, ಇರುತ್ತಲೂ ಇತ್ತು. ಆ ತಿಂಗಳು ಅದು 5.1ಕ್ಕೆ ಏರಿ, ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರತೊಡಗಿತ್ತು. ವೈದ್ಯರು ಎರಡು ದಿನ ಮಾತ್ರೆ ನಿಲ್ಲಿಸಲು ಹೇಳಿದ್ದರು. "ಅಮ್ಮ, ಬೇರೆ ಏನಾದರೂ ತೆಗೆದುಕೊಂಡಿರಾ?" ಎಂದರೆ, "ಎಂತದೂ ಇಲ್ಲ ಮಗ, ನೀನು ಕೊಟ್ಟದ್ದು ಮಾತ್ರ" ಎಂದರು. ಜೊತೆಗೆ ಬಂದಿದ್ದ ಸೊಸೆ ಮೆಲ್ಲನೆ, "ರಾತ್ರಿಯ ಕಷಾಯ ಹೇಳಿ ಅತ್ತೆ" ಎಂದಾಗಲೇ ವಿಷಯ ಹೊರಬಿದ್ದದ್ದು. ಕೆಮ್ಮಿಗೆಂದು ಬೆಳ್ಳುಳ್ಳಿ, ಅರಸಿನ, ಕಾಳುಮೆಣಸು ಜಜ್ಜಿ ಕುದಿಸಿದ ಕಷಾಯವನ್ನು ಅವರು ಮೂರು ವಾರಗಳಿಂದ ದಿನಕ್ಕೆ ಅರ್ಧ ಲೋಟ ಕುಡಿಯುತ್ತಿದ್ದರು. ವಾರ್ಫರಿನ್‌ಗೆ ಸೊಪ್ಪು ಆಗದೆಂದು ಯಾರೋ ಹೇಳಿದ್ದರಿಂದ ಹರಿವೆ, ನುಗ್ಗೆ ಸೊಪ್ಪುಗಳನ್ನೂ ಪೂರ್ತಿ ಬಿಟ್ಟಿದ್ದರು.

ಏರಿಕೆಗೆ ಇವುಗಳಲ್ಲಿ ಯಾವುದು ಎಷ್ಟು ಕಾರಣವೆಂದು ಪ್ರಮಾಣ ಮಾಡಿ ಹೇಳಲಾರೆ. ವಾರ್ಫರಿನ್ ಕೆಲಸ ಮಾಡುವುದೇ, ರಕ್ತ ಹೆಪ್ಪುಗಟ್ಟಲು ಬೇಕಾದ, ಸೊಪ್ಪಿನಲ್ಲಿ ಹೇರಳವಾಗಿರುವ ವಿಟಮಿನ್ ಕೆಯ ವಿರುದ್ಧವಾದ್ದರಿಂದ, ಸೊಪ್ಪನ್ನು ಒಮ್ಮೆಲೇ ಬಿಟ್ಟರೆ ಅದೇ ಮಾತ್ರೆಯ ಬಲ ಹೆಚ್ಚುತ್ತದೆ. ಬೇಕಾದದ್ದು ಸೊಪ್ಪಿನ ವರ್ಜನೆಯಲ್ಲ, ವಾರದಿಂದ ವಾರಕ್ಕೆ ಒಂದೇ ಅಳತೆ. ಬೆಳ್ಳುಳ್ಳಿಯದ್ದು ಬೇರೆ ದಾರಿ. ಅದು ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳಾದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನು ತಗ್ಗಿಸುತ್ತದೆ, ಐಎನ್‌ಆರ್ ಪರೀಕ್ಷೆಯಲ್ಲಿ ಆ ಪರಿಣಾಮ ಕಾಣುವುದೇ ಇಲ್ಲ. ಹಾಗಾಗಿ ಅಂಕಿ ಸರಿಯಿದೆಯೆಂಬ ಒಂದೇ ಕಾರಣಕ್ಕೆ ನಾನು ಈಗ ಸಮಾಧಾನಪಡುವುದಿಲ್ಲ.

ಅಂದಿನಿಂದ "ಮದ್ದು" ಎಂಬ ಶಬ್ದವನ್ನೇ ಪ್ರಶ್ನೆಯಿಂದ ತೆಗೆದುಹಾಕಿದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಮೊದಲು ಏನು ಹೋಗುತ್ತದೆ, ಕೆಮ್ಮಿಗೆ ಮನೆಯಲ್ಲಿ ಎಂತ ಮಾಡುತ್ತೀರಿ, ಗಂಟುನೋವಿಗೆ ಯಾರು ಏನು ಕೊಟ್ಟಿದ್ದಾರೆ ಎಂದು ಕೇಳುತ್ತೇನೆ. ಮುಂದಿನ ಸಲ ಬರುವಾಗ ಮನೆಯಲ್ಲಿರುವ ಬಾಟಲಿ, ಪುಡಿ, ಲೇಹ್ಯಗಳನ್ನೆಲ್ಲ ಒಂದು ಚೀಲದಲ್ಲಿ ತರಲು ಹೇಳುತ್ತೇನೆ. ಆ ಚೀಲ ಬಾಯಿಮಾತಿಗಿಂತ ಎಷ್ಟೋ ಪಾಲು ಪ್ರಾಮಾಣಿಕ.

ಚೀಲದಿಂದ ಹೊರಬಂದದ್ದೆಲ್ಲವೂ ಅಪಾಯವಲ್ಲ. ಇಸಬ್‌ಗೋಲಿನಂಥ ನಾರಿನ ಪುಡಿ, ಥೈರಾಯ್ಡ್ ಮದ್ದಾದ ಥೈರಾಕ್ಸಿನ್ ಮೈಗೆ ಸೇರುವುದನ್ನು ತಗ್ಗಿಸಬಹುದು; ಅದಕ್ಕೆ ನಾಲ್ಕು ಗಂಟೆಗಳ ಅಂತರ ಸಾಕು. ಆದರೆ ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್ ಅಥವಾ ಹೃದಯದ ಮದ್ದಾದ ಡಿಗಾಕ್ಸಿನ್ ಸೇವಿಸುವವರ ಚೀಲದಲ್ಲಿ ಜ್ಯೇಷ್ಠಮಧು ಕಂಡರೆ ಅಲ್ಲಿಂದಲೇ ವೈದ್ಯರಿಗೆ ಫೋನ್ ಮಾಡುತ್ತೇನೆ, ಏಕೆಂದರೆ ಫ್ಯೂರೋಸೆಮೈಡಿನಂತೆ ಅದೂ ರಕ್ತದ ಪೊಟ್ಯಾಸಿಯಂ ಇಳಿಸುತ್ತದೆ, ಪೊಟ್ಯಾಸಿಯಂ ಇಳಿದರೆ ಡಿಗಾಕ್ಸಿನ್ ವಿಷವಾಗಬಲ್ಲದು. ಅಪಸ್ಮಾರಕ್ಕೆ ಕೊಡುವ ಫೆನಿಟೋಯಿನ್ ಜೊತೆ ಶಂಖಪುಷ್ಪಿ ಸಿರಪ್ ಕೊಟ್ಟಾಗ ಆ ಕಾಯಿಲೆಯ ಹತೋಟಿ ತಪ್ಪಬಹುದೆಂಬುದು 1992ರಲ್ಲೇ ಪ್ರಕಟವಾದ ವಿಷಯ. ಆದರೂ ಪರೀಕ್ಷೆ ಹತ್ತಿರ ಬಂದಾಗ ನೆನಪಿನ ಶಕ್ತಿಗೆಂದು ಮಕ್ಕಳಿಗೆ ಅದನ್ನು ಕೊಡಿಸುವ ಪಾಲಕರನ್ನು ಪ್ರತಿ ವರ್ಷ ಕಾಣುತ್ತೇನೆ.

ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯಂದು, ನಸುಕಿನಲ್ಲೇ ಪಾಲೆ ಮರದ ತೊಗಟೆ ತಂದು ಮಾಡಿ ಕುಡಿಯುವ ಪಾಲೆ ಕಷಾಯದ ಮಾತು ಬಂದರೆ ನಾನು ವಾದಕ್ಕಿಳಿಯುವುದಿಲ್ಲ. ನನಗೂ ಅಜ್ಜಿ ಕುಡಿಸಿದ್ದಾರೆ. ಸಕ್ಕರೆ ಕಾಯಿಲೆಗೆ, ರಕ್ತದ ಸಕ್ಕರೆ ಇಳಿಸುವ ಗ್ಲಿಮಿಪಿರೈಡ್ ಸೇವಿಸುವವರಿಗೆ ಮಾತ್ರ, ಕಷಾಯ ಕುಡಿದು ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ ಕೂರಬೇಡಿ, ಕಷಾಯದ ನಂತರ ಉಣ್ಣುವ ಮೆಂತೆ ಗಂಜಿ ಬಟ್ಟಲಿಗೆ ಬಂದ ಮೇಲೆಯೇ ನುಂಗಿ ಎನ್ನುತ್ತೇನೆ. ಕತ್ತಲೆಯಲ್ಲಿ ಪಾಲೆಯೆಂದು ಕಾಸರಕ ಮರದ ತೊಗಟೆ ತಂದರೆ ಬರುವ ಅಪಾಯಕ್ಕೆ ಯಾವ ಮಾತ್ರೆಯ ಜೊತೆಯೂ ಬೇಕಿಲ್ಲ. ಅದರಲ್ಲಿ ಸ್ಟ್ರಿಕ್ನಿನ್ ಎಂಬ ಮಾರಕ ವಿಷ ಇದೆ.

ಕವಾಟದ ಅಮ್ಮ ಈಗಲೂ ಬರುತ್ತಾರೆ. ಹರಿವೆ ಸೊಪ್ಪು ವಾರಕ್ಕೆ ಎರಡು ಸಲವೆಂದು ನಿಗದಿಯಾಗಿದೆ. ಐಎನ್‌ಆರ್ ಬರೆದಿಡುವ ಪುಸ್ತಕದಲ್ಲಿ, ಕಷಾಯ ಕುಡಿದ ದಿನಗಳ ಎದುರು ಸೊಸೆ ಪೆನ್ಸಿಲಿನಿಂದ "ಕ" ಎಂದು ಬರೆದಿರುತ್ತಾರೆ.