ಫ್ರಾಂಸ್ವಾಜ್ ಆರ್ದಿ ಹಾಡನ್ನು ನಾನು ಗಂಟಲಿಗೆ ಹತ್ತಿಸಿಕೊಂಡದ್ದು

ಸುಗಮ ಸಂಗೀತ ಹಾಡುವವರು ಫ್ರೆಂಚ್ ಪಾಪ್ ಕಲಿಯಲು ಯಾರಿಂದ ಶುರು ಮಾಡಬೇಕು ಅಂತ ಕೇಳಿದರೆ, ನಾನು ಫ್ರಾಂಸ್ವಾಜ್ ಆರ್ದಿ ಹೆಸರು ಹೇಳುತ್ತೇನೆ. ಎದಿತ್ ಪಿಯಾಫ್ ಆಮೇಲೆ ಇರಲಿ. ಆಕೆಯ ಹಾಗೆ ಎದೆ ತುಂಬಿ ಹಾಡುವುದು ನಮಗೆ ಹೇಗೂ ರೂಢಿ. ಆರ್ದಿಯದು ಸಣ್ಣ ದನಿ, ಪಕ್ಕದಲ್ಲಿ ಕೂತು ಮಾತಾಡಿದಂತೆ. ಕಷ್ಟ ಇರುವುದೇ ಅಲ್ಲಿ.

ನಾನು ಹಿಡಿದದ್ದು 'ತೂ ಲೆ ಗಾರ್ಸೋಂ ಎ ಲೆ ಫೀಯ್'. 1962ರ ಹಾಡು. ಪ್ಯಾರಿಸ್‌ನಲ್ಲಿ ಹುಟ್ಟಿ ಬೆಳೆದ ಆರ್ದಿಗೆ ಆಗ 18 ವರ್ಷ. ಶಾಲೆಯ ಕೊನೇ ಪರೀಕ್ಷೆ ಪಾಸಾದದ್ದಕ್ಕೆ ಮನೆಯವರು ಕೊಡಿಸಿದ ಗಿಟಾರ್ ಹಿಡಿದು ತಾನೇ ಹಾಡು ಕಟ್ಟುತ್ತಿದ್ದಳು. ಅಕ್ಟೋಬರ್ 28ರ ರಾತ್ರಿ ಫ್ರಾನ್ಸ್ ಜನ ಜನಮತಗಣನೆಯ ಫಲಿತಾಂಶಕ್ಕೆ ಟಿವಿ ಮುಂದೆ ಕೂತಿದ್ದರು. ನಡುವೆ ಈ ಹುಡುಗಿ ಬಂದು ಹಾಡಿದಳು. ಓರಗೆಯವರೆಲ್ಲ ಜೋಡಿಯಾಗಿ ಓಡಾಡುತ್ತಾರೆ, ನಾನೊಬ್ಬಳೇ ಒಂಟಿ ಅನ್ನುವ ಹಾಡು. ರೆಕಾರ್ಡು ಹತ್ತು ಲಕ್ಷಕ್ಕೂ ಜಾಸ್ತಿ ಖರ್ಚಾಯಿತು.

ತಾಳ ಸುಲಭ, ನಿಧಾನದ ತಿಶ್ರ ನಡೆ, ಅಂದರೆ ಮೂರು ಮೂರರ ಎಣಿಕೆ. ತಕಿಟ ತಕಿಟ ಅಂದುಕೊಂಡರೆ ಕೂತುಬಿಡುತ್ತದೆ. ನನಗೆ ಸತಾಯಿಸಿದ್ದು ಗಮಕ, ಅಂದರೆ ಸ್ವರವನ್ನು ಅಲುಗಿಸಿ ಹಾಡುವ ನಮ್ಮ ರೂಢಿ. ಸ್ವರ ಸ್ವಲ್ಪ ಉದ್ದವಾದರೆ ಸಾಕು, ಗಂಟಲು ತಾನಾಗಿಯೇ ಅಲುಗುತ್ತದೆ. ಕೊನೆಗೆ ಒಂದು ಉಪಾಯ ಸಿಕ್ಕಿತು. ಕರ್ನಾಟಕ ಸಂಗೀತದಲ್ಲಿ ಷಡ್ಜ, ಪಂಚಮಗಳನ್ನು ಅಲುಗಿಸುವುದಿಲ್ಲ, ಅಲ್ವಾ? ಹಾಡಿನ ಪ್ರತಿ ಸ್ವರವನ್ನೂ ಅದು ಪಂಚಮವೇ ಎಂಬಂತೆ ಹಿಡಿದೆ. ಶ್ರುತಿಪೆಟ್ಟಿಗೆ ಇಟ್ಟುಕೊಂಡು, ಸಾಹಿತ್ಯ ಬಿಟ್ಟು, ಬರೀ 'ಊ'ಕಾರದಲ್ಲಿ. ಚಟ ಕಳಚಿತು.

ಉಚ್ಚಾರಣೆಗೆ ಕಿವಿಯೇ ಗುರು. 'ಗಾರ್ಸೋಂ' ಅಂತ ಬರೆದೆನಲ್ಲ, ಆ ಸೊನ್ನೆ ನಮ್ಮ ಸೊನ್ನೆಯಲ್ಲ. ತುಟಿ ಮುಚ್ಚಬಾರದು, ನಾಲಗೆ ಎಲ್ಲೂ ತಗುಲಬಾರದು. 'ಓ' ಅನ್ನುತ್ತಲೇ ಉಸಿರನ್ನು ಮೂಗಿಗೂ ಬಿಡಬೇಕು. ರಕಾರ ನಾಲಗೆ ತುದಿಯದ್ದಲ್ಲ, ಗಂಟಲಿನದ್ದು; ಆರ್ದಿ ಅದನ್ನು ಒತ್ತುವುದೂ ಇಲ್ಲ.

ಆಮೇಲೆ ಮೈಕ್. ಬಾಯಿಂದ ನಾಲ್ಕು ಬೆರಳು ದೂರ, ಸ್ವಲ್ಪ ಓರೆ. ನೇರ ಹಿಡಿದರೆ ಪಕಾರ ಬಂದಾಗೆಲ್ಲ ಸ್ಪೀಕರ್ ಡಬ್ ಅನ್ನುತ್ತದೆ. ದನಿ ಎತ್ತುವ ಕೆಲಸ ಮೈಕ್‌ಗೆ ಬಿಟ್ಟೆ. ಶ್ರುತಿಯನ್ನೂ ಇಳಿಸಿಕೊಂಡೆ.

ಆರ್ದಿಯ ಬದುಕು ನೋಡಿದರೆ ಈ ಶೈಲಿ ಎಲ್ಲಿಂದ ಬಂತೆಂದು ಗೊತ್ತಾಗುತ್ತದೆ. ಯೂರೋಪಿನ ದೇಶಗಳ ಹಾಡಿನ ಸ್ಪರ್ಧೆಯಾದ ಯೂರೋವಿಷನ್‌ನಲ್ಲಿ 1963ರಲ್ಲಿ ಮೊನಾಕೋ ಪರ ಹಾಡಿದವಳು, ಲಂಡನ್‌ನಲ್ಲೂ ಹೆಸರು ಮಾಡಿದವಳು. ಆದರೂ ವೇದಿಕೆ ಎಂದರೆ ಭಯ. 1968ರಲ್ಲಿ ಕಛೇರಿಗಳನ್ನೇ ಬಿಟ್ಟಳು, 2018ರವರೆಗೂ ಆಲ್ಬಮ್ ಮಾತ್ರ ಮಾಡಿದಳು. 2024ರ ಜೂನ್‌ನಲ್ಲಿ ತೀರಿಕೊಂಡಾಗ 80 ವರ್ಷ. ಸುಮ್ನೆ ನಾಚಿಕೆ ಸ್ವಭಾವ ಅಂತ ಬರೆಯುವವರಿದ್ದಾರೆ. ನನ್ನ ಪ್ರಕಾರ ಸ್ಟುಡಿಯೋದ ಮೈಕ್ ತನ್ನ ಜಾಗ ಅಂತ ಆಕೆಗೆ ಚೆನ್ನಾಗಿ ಗೊತ್ತಿತ್ತು.

ಈಗ 1971ರ 'ಲಾ ಕೆಸ್ತಿಯೋಂ' ಆಲ್ಬಮ್ ಹಿಡಿದಿದ್ದೇನೆ. ಬ್ರೆಜಿಲ್‌ನ ಗಿಟಾರ್ ವಾದಕಿ ತುಕಾ ಜೊತೆ ಮಾಡಿದ್ದು. ಡ್ರಮ್ಸ್ ಆಸರೆ ಇಲ್ಲದ ಕಡೆ ಉಸಿರು ಎಳೆದುಕೊಳ್ಳುವುದೂ ಕೇಳಿಸಿಬಿಡುತ್ತದೆ. ಸದ್ಯ ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಸಾಹಿತ್ಯದ ಹಾಳೆ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಿದ್ದೇನೆ.