ದೋಸೆಗೂ ಕಾದಂಬರಿಗೂ ನಾಲ್ಕು ಸಾಲು ಬರೆಯುವುದು ಹೇಗೆ

ನನ್ನದು ವಿಮೆ ಏಜೆಂಟನ ಕೆಲಸ. ಮನೆ ಶಿವಮೊಗ್ಗದ ವಿನೋಬನಗರದಲ್ಲಿ, ಪಾಲಿಸಿದಾರರು ಮಾತ್ರ ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ ಅಂತ ಮಲೆನಾಡಿನ ಉದ್ದಗಲಕ್ಕೂ. ಬಸ್ಸಿನಲ್ಲಿ ಕೂತರೆ ಕಾದಂಬರಿ, ಇಳಿದರೆ ಹೋಟೆಲು. ಎರಡರ ಬಗ್ಗೆಯೂ ನಾಲ್ಕು ಸಾಲು ಬರೆದು ಪರಿಚಯದವರಿಗೆ ಕಳಿಸುವ ಚಟ ಹತ್ತಿ ಬಹಳ ಕಾಲವಾಯಿತು. ಈಗೀಗ ಕೆಲವರು, “ನಾವೂ ಬರೀಬೇಕು ಅಂತಿದೀವಿ ಸರ್, ಹೇಗೆ ಶುರು ಮಾಡೋದು?” ಅಂತ ಕೇಳುತ್ತಾರೆ. ಇದು ಅವರಿಗೆ. ಸಾಹಿತ್ಯ ವಿಮರ್ಶೆಯನ್ನು ಕ್ರಮವಾಗಿ ಕಲಿಯಬೇಕೆನ್ನುವವರು ಕಾಲೇಜಿನ ಮೇಷ್ಟ್ರುಗಳನ್ನು ಹಿಡಿಯಲಿ.

ನೀವು ಬರೆದದ್ದನ್ನು ಓದಿದವರಿಗೆ ಮುಂದೇನು ಮಾಡಬೇಕೆಂದು ಗೊತ್ತಾಗಬೇಕು. ಹೋಟೆಲಾದರೆ ಹೋಗಬೇಕೋ ಬೇಡವೋ, ಎಷ್ಟು ಹೊತ್ತಿಗೆ, ಏನು ತಗೋಬೇಕು, ಏನು ಬಿಡಬೇಕು. ಪುಸ್ತಕವಾದರೆ ದುಡ್ಡು ಕೊಟ್ಟು ಕೊಳ್ಳಬೇಕೋ, ಲೈಬ್ರರಿಯಿಂದ ತಂದರೆ ಸಾಕೋ, ಎಷ್ಟನೇ ಪುಟದ ತನಕ ತಾಳ್ಮೆ ಇಟ್ಟುಕೊಳ್ಳಬೇಕು. “ಸೂಪರ್ ಟೇಸ್ಟ್”, “ಮನಕಲಕುವ ಕೃತಿ” ಅಂದರೆ ಇದ್ಯಾವುದೂ ಗೊತ್ತಾಗುವುದಿಲ್ಲ. ಬರೆದವರಿಗೆ ಖುಷಿಯಾಗಿದೆ ಅಂತ ಮಾತ್ರ ಗೊತ್ತಾಗುತ್ತದೆ.

ಹೋಟೆಲ್ಲಿನಿಂದಲೇ ಶುರು ಮಾಡೋಣ, ಅದು ಸುಲಭ.

ಮೊದಲು ಗಂಟೆ ಬರೆದುಕೊಳ್ಳಿ. ಬೆಳಿಗ್ಗೆ ಏಳೂವರೆಯ ಚಟ್ನಿ ಬೇರೆ, ಹನ್ನೊಂದರ ಚಟ್ನಿ ಬೇರೆ. ಮುಂಜಾನೆ ರುಬ್ಬಿದ ಕಾಯಿಚಟ್ನಿಗೆ ಗಿರಾಕಿ ಹೆಚ್ಚಾದಂತೆ ನೀರು ಬೀಳುತ್ತದೆ, ಹುರಿಗಡಲೆ ಬೀಳುತ್ತದೆ, ಬೇಸಿಗೆಯಾದರೆ ಸಣ್ಣಗೆ ಹುಳಿಯೂ ಏರುತ್ತದೆ. ಸಾಂಬಾರು ಉಲ್ಟಾ: ಬೆಳಿಗ್ಗೆ ತೆಳ್ಳಗಿದ್ದದ್ದು ಕುದ್ದು ಕುದ್ದು ಹತ್ತು ಗಂಟೆಗೆ ಹದಕ್ಕೆ ಬಂದಿರುತ್ತದೆ. ದುರ್ಗಿಗುಡಿಯ ಯಾವುದೋ ಹೋಟೆಲ್ಲಿಗೆ ನೀವು ಏಳಕ್ಕೆ ಹೋಗಿ, ನಿಮ್ಮ ಮಾತು ನಂಬಿದವರು ಹನ್ನೊಂದಕ್ಕೆ ಹೋದರೆ, ಇಬ್ಬರೂ ತಿಂದದ್ದು ಬೇರೆ ಬೇರೆ ತಿಂಡಿ.

ಎರಡನೆಯದು, ಕೂತ ಕೂಡಲೇ ಮಸಾಲೆದೋಸೆ ಹೇಳಬೇಡಿ. ಪಲ್ಯ, ಕೆಂಪು ಚಟ್ನಿ, ಬೆಣ್ಣೆ ಎಲ್ಲ ಸೇರಿ ಹಿಟ್ಟಿನ ಗುಣವನ್ನು ಮುಚ್ಚಿಬಿಡುತ್ತವೆ. ಖಾಲಿದೋಸೆ ಹೇಳಿ. ಹಿಟ್ಟು ಎಷ್ಟು ಹುದುಗಿದೆ, ಕಾವಲಿಯ ಮುಂದೆ ನಿಂತವರ ಕೈ ಎಂಥದ್ದು ಎರಡೂ ಅದರಲ್ಲಿ ಬಯಲಾಗುತ್ತವೆ. ಕಾವಲಿ ಕಾಣುವ ಜಾಗದಲ್ಲಿ ಕೂತರೆ ಇನ್ನೂ ಒಳ್ಳೆಯದು. ಪಳಗಿದ ಭಟ್ಟರು ನೀರು ಚಿಮುಕಿಸಿ ಹಿಡಿಪೊರಕೆಯಿಂದ ಒಮ್ಮೆ ಗುಡಿಸಿ, ಒಂದು ಕ್ಷಣ ಕಾದು ಹಿಟ್ಟು ಹೊಯ್ಯುತ್ತಾರೆ. ಆ ನೀರು ಕಾವಲಿಯ ಕಾವನ್ನು ಇಳಿಸುವುದಕ್ಕೆ. ಕಾವು ಇಳಿಯದೆ ಹೊಯ್ದರೆ ಹಿಟ್ಟು ಹರಡುವ ಬದಲು ಸೌಟಿಗೇ ಅಂಟಿಕೊಂಡು ಬರುತ್ತದೆ, ದೋಸೆ ನಡುವೆ ದಪ್ಪ, ಅಂಚಿನಲ್ಲಿ ಹರಿದ ಹಾಗೆ ಆಗುತ್ತದೆ. ತಟ್ಟೆಯಲ್ಲಿ ಅಂಥ ದೋಸೆ ಬಂದರೆ “ದೋಸೆ ಚೆನ್ನಾಗಿಲ್ಲ” ಅಂತ ಬರೆಯಬೇಡಿ, “ಕಾವಲಿ ಕಾವು ಹೆಚ್ಚಿತ್ತು, ರಶ್ಶಿನ ಹೊತ್ತು” ಅಂತ ಬರೆಯಿರಿ. ಓದಿದವರು ರಶ್ಶಿಲ್ಲದ ಹೊತ್ತು ನೋಡಿ ಹೋಗುತ್ತಾರೆ, ಹೋಟೆಲ್ಲಿನವರಿಗೂ ಅನ್ಯಾಯವಾಗುವುದಿಲ್ಲ.

ಗೊತ್ತಿಲ್ಲದ ಊರಿನಲ್ಲಿ ನನಗೊಂದು ಉಪಾಯವಿದೆ. ಸಪ್ಲೈಯರ್ ಬಂದು, “ಇಡ್ಲಿ, ವಡೆ, ದೋಸೆ, ಪೂರಿ, ಪಲಾವ್, ಅವಲಕ್ಕಿ, ಏನ್ ಕೊಡ್ಲಿ ಸರ್?” ಅಂತ ಒಂದೇ ಉಸಿರಿಗೆ ಒಪ್ಪಿಸಿದರೆ, “ಈಗ ಬಿಸಿ ಏನಿದೆ ಅಣ್ಣ?” ಅಂತ ಕೇಳುತ್ತೇನೆ. ಹಳೆಯ ಹುಡುಗನಾದರೆ ಒಳಗೊಮ್ಮೆ ತಿರುಗಿ ನೋಡಿ, “ಕಡುಬು ಈಗ ಇಳಿಸ್ತಿದಾರೆ, ಐದು ನಿಮಿಷ ಕೂತ್ಕೊಳಿ” ಅನ್ನುತ್ತಾನೆ. “ಎಲ್ಲಾ ಬಿಸಿನೇ ಸರ್” ಅಂದರೆ ಕಾಫಿ ಕುಡಿದು ಏಳುವುದು ಕ್ಷೇಮ.

ಕಡುಬಿನ ಮಾತು ಬಂತಲ್ಲ, ಅದಕ್ಕೆ ಸ್ವಲ್ಪ ಜಾಗ ಕೊಡಬೇಕು. ಮಲೆನಾಡಿನ ಮಿಲ್ಟ್ರಿ ಹೋಟೆಲುಗಳನ್ನು ಅಳೆಯುವುದಕ್ಕೆ ಕೋಳಿಸಾರಿಗಿಂತ ಕಡುಬೇ ಒಳ್ಳೆಯ ಅಳತೆಗೋಲು. ಸಾರಿಗೆ ಖಾರ, ಮಸಾಲೆ ಜಾಸ್ತಿ ಮಾಡಿ ಹೇಗೋ ದಾಟಿಸಬಹುದು. ಅಕ್ಕಿತರಿಯನ್ನು ನೀರಿನಲ್ಲಿ ಬೇಯಿಸಿ, ಬಿಸಿ ಇರುವಾಗಲೇ ನಾದಿ, ಉಂಡೆ ಕಟ್ಟಿ, ಹಬೆಯಲ್ಲಿ ಇಡುವ ಕಡುಬಿನಲ್ಲಿ ಅಡಗಿಸುವುದಕ್ಕೆ ಏನೂ ಇಲ್ಲ. ಬೆರಳಿನಿಂದ ಮುರಿಯಿರಿ. ತರಿ ಬಿಡಿಬಿಡಿಯಾಗಿ ಕಾಣಬೇಕು, ಬೆರಳಿಗೆ ಮೇಣದ ಹಾಗೆ ಅಂಟಬಾರದು. ಮುರಿದ ಮೈಯನ್ನು ಸಾರಿಗೆ ಅದ್ದಿದರೆ ಹೀರಿಕೊಳ್ಳಬೇಕು. ಹೊರಗೆ ಸಿಪ್ಪೆ ಕಟ್ಟಿದ ಹಾಗೆ ಗಟ್ಟಿಯಾಗಿದ್ದರೆ ಅದು ಬೆಳಗಿನದು. ಇಷ್ಟನ್ನು ಬರೆದರೆ ಸಾಕು, ರುಚಿಯ ವರ್ಣನೆ ಬೇಡ.

ಋತುವನ್ನೂ ಮರೆಯಬೇಡಿ. ಪತ್ರೊಡೆ, ಕಳಲೆ (ಎಳೆ ಬಿದಿರು) ಪಲ್ಯ, ಏಡಿಸಾರು ಎಲ್ಲ ಮಳೆಗಾಲದ ಸರಕು. ಏಪ್ರಿಲ್‌ನಲ್ಲಿ ಕಳಲೆ ಪಲ್ಯ ಬಡಿಸಿದರೆ ಅದು ಉಪ್ಪುನೀರಿನಲ್ಲಿ ಹಾಕಿಟ್ಟದ್ದು. ತಪ್ಪೇನಿಲ್ಲ, ನಮ್ಮ ಮನೆಯಲ್ಲೂ ಹಾಗೇ ಇಡುತ್ತೇವೆ. ಆದರೆ ಬೆಂಗಳೂರಿನಿಂದ ಆಗುಂಬೆ ನೋಡಲು ಬಂದವರು “ತಾಜಾ ಕಳಲೆ” ಅಂತ ಬರೆದದ್ದನ್ನು ಓದಿದಾಗ ನಗು ತಡೆಯುವುದು ಕಷ್ಟ.

ಇಂಥದ್ದನ್ನೆಲ್ಲ ಸೇರಿಸಿ ಹೇಗೆ ಬರೆಯುವುದು? ತೀರ್ಥಹಳ್ಳಿ ರಸ್ತೆಯ ಒಂದು ಸಣ್ಣ ಹೋಟೆಲ್ಲಿನ ಬಗ್ಗೆ ನಾನು ಬರೆದದ್ದು ಹೀಗಿದೆ:

“ಬುಧವಾರ, ಬೆಳಿಗ್ಗೆ ಎಂಟು ಗಂಟೆ, ಜೋರು ಮಳೆ. ನೀರುದೋಸೆ, ಕಾಯಿಚಟ್ನಿ. ದೋಸೆ ತೆಳು, ಮಡಿಸಿದರೂ ಒಂದಕ್ಕೊಂದು ಅಂಟಿರಲಿಲ್ಲ. ಚಟ್ನಿಗೆ ಹಸಿಮೆಣಸು ಜಾಸ್ತಿ, ಮಕ್ಕಳಿದ್ದರೆ ಬೆಲ್ಲ ಕಾಯಿ ಕೇಳಿ, ಕೊಡುತ್ತಾರೆ. ಕಾಫಿ ಎರಡನೇ ಡಿಕಾಕ್ಷನ್‌ನದು, ಬಿಟ್ಟರೆ ನಷ್ಟವಿಲ್ಲ. ಮೂರೇ ಬೆಂಚು. ಒಂಬತ್ತಕ್ಕೆ ಶಾಲೆ ಮಕ್ಕಳ ಆಟೋದವರು ಬಂದು ತುಂಬುತ್ತಾರೆ, ಅದಕ್ಕೆ ಮೊದಲೇ ಹೋಗಿ.”

ಹೊಗಳಿದ್ದೇನೋ ತೆಗಳಿದ್ದೇನೋ ಅಂತ ಕೇಳಿದರೆ ನನಗೂ ಹೇಳಲು ಬಾರದು. ಮಕ್ಕಳಿರುವವರಿಗೆ, ಕಾಫಿಪ್ರಿಯರಿಗೆ, ಅವಸರದಲ್ಲಿರುವವರಿಗೆ ಬೇಕಾದದ್ದು ಅದರಲ್ಲಿದೆ.

ಈಗ ಕಾದಂಬರಿ. ಇಲ್ಲಿ ಜನ ಎಡವುವುದು ಕತೆ ಹೇಳಿಬಿಡುವುದರಲ್ಲಿ. ಮೂರು ಪುಟ ಕತೆ, ಕೊನೆಗೆ “ಎಲ್ಲರೂ ಓದಬೇಕಾದ ಪುಸ್ತಕ” ಎಂಬ ಒಂದು ಸಾಲು. ಎಲ್ಲರೂ ಓದಬೇಕಾದ ಪುಸ್ತಕ ಅಂತ ಯಾವುದೂ ಇಲ್ಲ. ಯಾರು ಓದಬೇಕು ಹೇಳಿ.

ಕತೆ ಎಷ್ಟು ಹೇಳಬೇಕು? ಪುಸ್ತಕದ ಬೆನ್ನಿನ ಮೇಲೆ ಪ್ರಕಾಶಕರೇ ಹೇಳಿದಷ್ಟು, ಅಥವಾ ಮೊದಲ ಕಾಲುಭಾಗ, ಅಷ್ಟೇ. ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಹಾರುವ ಓತಿಯ ಹುಡುಕಾಟವಿದೆ ಅನ್ನಬಹುದು, ಹುಡುಕಿ ಹೊರಟವರಿಗೆ ಕೊನೆಯಲ್ಲಿ ಏನಾಯಿತು ಅನ್ನಬಾರದು. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ ಈ ಸಮಸ್ಯೆಯೇ ಇಲ್ಲ: ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ, ಹೆಣ ಸುಡುವವರು ಯಾರು ಎಂಬ ಗಂಟು ಶುರುವಿನಲ್ಲೇ ಬಿದ್ದುಬಿಡುತ್ತದೆ. ಅದನ್ನು ಹೇಳಿ, ಪ್ರಾಣೇಶಾಚಾರ್ಯರು ಅಗ್ರಹಾರದಿಂದ ಹೊರಗೆ ಕಾಲಿಡುವ ಮೊದಲೇ ನಿಮ್ಮ ಮಾತು ನಿಲ್ಲಿಸಿ.

ಕಾದಂಬರಿಯ ಖಾಲಿದೋಸೆ ಅಂದರೆ ಅದರ ಸಂಭಾಷಣೆ. ಸಂದೇಶ, ಸಮಸ್ಯೆ, ತತ್ವ ಎಲ್ಲ ಪಲ್ಯ, ಅವುಗಳಿಂದ ಕೆಟ್ಟ ಹಿಟ್ಟನ್ನೂ ಮುಚ್ಚಬಹುದು. ಹಾಗಾಗಿ ನಡುವೆ ಎಲ್ಲಾದರೂ ಎರಡು ಪುಟ ಮಾತುಕತೆ ತೆಗೆದು, ಯಾರು ಮಾತಾಡುತ್ತಿದ್ದಾರೆ ಅನ್ನುವ ಹೆಸರನ್ನು ಬೆರಳಿನಿಂದ ಮುಚ್ಚಿ ಓದಿ. ಆಳೂ ಒಡೆಯನೂ ಅಜ್ಜಿಯೂ ಮೊಮ್ಮಗಳೂ ಒಂದೇ ಥರ ಮಾತಾಡಿದರೆ ಅದನ್ನು ಬರೆಯಿರಿ. 1967ರಲ್ಲಿ ಬಂದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಈ ಪರೀಕ್ಷೆಯಲ್ಲಿ ಎಲ್ಲಿ ತೆರೆದರೂ ಗೆಲ್ಲುತ್ತದೆ. ನಾಯಿಗುತ್ತಿ ಬಾಯಿ ಬಿಟ್ಟರೆ ಅವನೇ ಅಂತ ಗೊತ್ತಾಗುತ್ತದೆ. ಅದೇ ಪುಸ್ತಕದ ಬಗ್ಗೆ ಪರಿಚಯದವರಿಗೆ ಬರೆಯುವಾಗ “ಮಹಾಕಾದಂಬರಿ” ಅಂದರೆ ಅವರು ಕೈಮುಗಿದು ಕಪಾಟಿನಲ್ಲಿ ಇಡುತ್ತಾರೆ. ನಾನು ಬರೆದದ್ದು ಇಷ್ಟು: “ಮೊದಲ ನೂರು ಪುಟ ಯಾರು ಯಾರ ಮನೆಯವರು ಅಂತ ತಲೆ ಕೆಡುತ್ತದೆ. ಒಂದು ಚೀಟಿಯಲ್ಲಿ ಸಿಂಬಾವಿ, ಬೆಟ್ಟಳ್ಳಿ, ಹಳೆಮನೆ, ಕೋಣೂರು ಅಂತ ಮನೆಗಳ ಹೆಸರು ಹಾಕಿಕೊಂಡು, ಜನ ಬಂದ ಹಾಗೆ ಕೆಳಗೆ ಬರೆಯುತ್ತ ಹೋಗಿ. ಆಮೇಲೆ ಚೀಟಿ ಬೇಕಾಗುವುದಿಲ್ಲ. ಗುತ್ತಿಯ ನಾಯಿ ಹುಲಿಯನನ್ನು ಮಾತ್ರ ಮೊದಲಿನಿಂದಲೇ ಗಮನಿಸುತ್ತಿರಿ.” ಆ ಚೀಟಿಯ ಉಪಾಯದಿಂದ ಪುಸ್ತಕ ಮುಗಿಸಿದವರು ಫೋನ್ ಮಾಡಿದ್ದುಂಟು.

ಮಲೆನಾಡಿನವರಿಗೆ ಇನ್ನೊಂದು ಅನುಕೂಲ ಇದೆ, ಅದನ್ನು ಬಿಡಬೇಡಿ. ನಮ್ಮ ಕಡೆಯ ಕಾದಂಬರಿಯಾದರೆ ಕೃಷಿಯ ಕ್ಯಾಲೆಂಡರ್ ನೋಡಿ. ಜುಲೈ ಮಳೆಯಲ್ಲಿ ಅಡಿಕೆ ತೋಟದಲ್ಲಿ ನಡೆಯಬೇಕಾದದ್ದು ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದು: ಮೈಲುತುತ್ತ, ಸುಣ್ಣ ಕಲಸಿದ ನೀಲಿ ನೀರು, ಮಳೆ ಬಿಡುವು ಕೊಟ್ಟ ಒಂದು ಗಂಟೆಯಲ್ಲಿ ಮರ ಹತ್ತುವ ಗಡಿಬಿಡಿ. ಅಡಿಕೆ ಕೊನೆ (ಗೊನೆ) ಕೊಯ್ಲು, ರಾತ್ರಿಯೆಲ್ಲ ಅಡಿಕೆ ಸುಲಿಯುವುದು, ಹಂಡೆಯಲ್ಲಿ ಬೇಯಿಸುವುದು, ಚೊಗರಿನ (ಅಡಿಕೆಯ ಒಗರು ರಸದ) ಕಪ್ಪು ಹಿಡಿದ ಬೆರಳು ಇವೆಲ್ಲ ಮಳೆ ಹಿಂದಾದ ಮೇಲಿನವು. ಈಚೆಗೆ ಓದಿದ ಒಂದು ಕಾದಂಬರಿಯಲ್ಲಿ ಆಷಾಢದ ಮಳೆಯ ನಡುವೆ ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ಪ್ರೇಮಕತೆ ಹೇಗೆ ಮುಗಿಯಿತು ಅನ್ನುವುದಕ್ಕಿಂತ ಆ ಅಡಿಕೆಯ ಗತಿ ಏನಾಯಿತು ಅಂತಲೇ ನಾನು ಯೋಚಿಸುತ್ತಾ ಉಳಿದೆ. ಇದು ಸಣ್ಣ ತಕರಾರು ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅಂಗಳ ನೋಡದೆ ಬರೆದವರು ಆ ಮನೆಯ ಹೆಂಗಸಿನ ಮನಸ್ಸು ಮಾತ್ರ ನೋಡಿ ಬರೆದಿರುತ್ತಾರೆಯೇ?

ಹಾಗೆಂದು ಊರನ್ನೇ ಕಾದಂಬರಿ ಅಂದುಕೊಳ್ಳಬೇಡಿ. ಆರ್.ಕೆ. ನಾರಾಯಣರ ಮಾಲ್ಗುಡಿ ಹುಡುಕಿಕೊಂಡು ಆಗುಂಬೆಗೆ ಬರುವವರು ಈಗಲೂ ಇದ್ದಾರೆ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿ ತೆಗೆದದ್ದು ಆಗುಂಬೆಯಲ್ಲಿ, ನಿಜ. ಅರಸಾಳು ರೈಲ್ವೆ ಸ್ಟೇಷನ್ನಿನಲ್ಲಿ ಮಾಲ್ಗುಡಿ ಹೆಸರಿನ ಮ್ಯೂಸಿಯಮ್ಮೇ ಇದೆ. ಆದರೆ ಸ್ವಾಮಿ ಮತ್ತು ಅವನ ಗೆಳೆಯರು ಪುಸ್ತಕದಲ್ಲಿ ಬಂದದ್ದು 1935ರಲ್ಲಿ, ನಾರಾಯಣರ ತಲೆಯೊಳಗಿನ ಊರಿನಲ್ಲಿ. ಆಗುಂಬೆಯ ಸೂರ್ಯಾಸ್ತದ ಖುಷಿಯನ್ನು ಪುಸ್ತಕದ ಖಾತೆಗೆ ಜಮಾ ಮಾಡಬಾರದು.

ಅನುವಾದ ಓದಿದ್ದರೆ ಅನುವಾದಕರ ಹೆಸರು ಮೊದಲ ಸಾಲಿನಲ್ಲೇ ಬರಲಿ. 2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತಾರಾಷ್ಟ್ರೀಯ ಬುಕರ್ ಬಂದಾಗ ಬಹುಮಾನದ ಹಣದಲ್ಲಿ ಅರ್ಧ ಅನುವಾದಕಿ ದೀಪಾ ಭಾಸ್ತಿಯವರದ್ದಾಗಿತ್ತು. ತಮಿಳು, ಮಲಯಾಳಂ ಕಾದಂಬರಿಗಳನ್ನು ಕನ್ನಡದಲ್ಲಿ ಓದಿ ಮೂಲ ಲೇಖಕರ ಭಾಷೆಯನ್ನು ಹೊಗಳುವವರು ಹೊಗಳುತ್ತಿರುವುದು ಯಾರ ಕನ್ನಡವನ್ನು, ಸ್ವಲ್ಪ ಯೋಚಿಸಲಿ.

ಪುಸ್ತಕದ ಟಿಪ್ಪಣಿಗೂ ಒಂದು ಮಾದರಿ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಬಗ್ಗೆ: “ಕಾಫಿ ಹೌಸ್‌ನಲ್ಲಿ ಶುರುವಾಗುತ್ತದೆ, ವಿನ್ಸೆಂಟ್ ಎಂಬ ವೇಟರ್ ಇದ್ದಾನೆ, ಅವನ ಮಾತನ್ನು ಹಗುರವಾಗಿ ತಗೋಬೇಡಿ. ಸಣ್ಣ ಪುಸ್ತಕ, ಒಂದೇ ಕೂತಿನಲ್ಲಿ ಓದಿ, ಬಿಟ್ಟು ಬಿಟ್ಟು ಓದಿದರೆ ಬಿಗಿ ಹೋಗುತ್ತದೆ. ಮನೆಗೆ ಏಕಾಏಕಿ ದುಡ್ಡು ಬಂದದ್ದನ್ನು ಕಂಡವರಿಗೆ ಹೆಚ್ಚು ತಟ್ಟುತ್ತದೆ. ಇರುವೆಗಳ ಭಾಗ ನನಗೆ ಎಲ್ಲಕ್ಕಿಂತ ಇಷ್ಟ. ಎಲ್ಲವೂ ಸ್ಪಷ್ಟವಾಗಿ ಮುಗಿಯಬೇಕು ಅನ್ನುವವರು ಕೊನೆಯ ಪುಟದಲ್ಲಿ ಸಿಟ್ಟಾಗುತ್ತೀರಿ.”

ನೀವು ಯಾರು ಅನ್ನುವುದು ಬರಹಕ್ಕೆ ಅಡ್ಡ ಬರುವಾಗ ಅದನ್ನೂ ಹೇಳಿಬಿಡಿ. ನೀರು ಏರುತ್ತಿರುವ ಗುಡ್ಡದ ಮೇಲೆ ಉಳಿದ ಸಂಸಾರದ ಕತೆ, ನಾ. ಡಿಸೋಜರ ‘ದ್ವೀಪ’. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದಾಗ ಮನೆ, ಗದ್ದೆ ಬಿಟ್ಟು ಬಂದ ಕುಟುಂಬಗಳು ನನ್ನ ಪಾಲಿಸಿದಾರರಲ್ಲಿವೆ. ಆ ಪುಸ್ತಕವನ್ನು ನಾನು ತಣ್ಣಗೆ ಓದಲಾರೆ, ಹಾಗಂತ ಮೊದಲೇ ಬರೆದೆ. ಹೋಟೆಲ್ ಮಾಲೀಕರು ನನ್ನ ಪಾಲಿಸಿದಾರರಾದರೂ ಅಷ್ಟೇ: “ಇವರು ನನಗೆ ಬೇಕಾದವರು” ಎಂಬ ಸಾಲು ಮೊದಲು, ಬೋಂಡಾದ ವಿಷಯ ಆಮೇಲೆ.

ಕೆಟ್ಟದ್ದಾಗಿದ್ದರೆ? ಹೋಟೆಲಾದರೆ ಇನ್ನೊಂದು ದಿನ, ಇನ್ನೊಂದು ಹೊತ್ತಿನಲ್ಲಿ ಹೋಗಿ, ಆಗಲೂ ಹಾಗೇ ಇದ್ದರೆ ಬರೆಯಿರಿ. ತಿಂಡಿಯ ಬಗ್ಗೆ ಬರೆಯಿರಿ, ಸಪ್ಲೈ ಮಾಡಿದ ಹುಡುಗನ ಬಗ್ಗೆ ಬೇಡ; ಅವನ ಸಂಬಳಕ್ಕೆ ಕುತ್ತು ತರುವಷ್ಟು ದೊಡ್ಡ ವಿಷಯವಲ್ಲ ನಮ್ಮ ಪೂರಿ. ಹಳಸಿದ್ದು ಬಡಿಸಿದರೆ ಮೊದಲು ಕ್ಯಾಷಿನಲ್ಲಿ ಕೂತವರಿಗೆ ಹೇಳಿ. ಪುಸ್ತಕ ಅರ್ಧಕ್ಕೆ ಬಿಟ್ಟಿದ್ದರೆ ಎಷ್ಟನೇ ಪುಟಕ್ಕೆ ಬಿಟ್ಟಿರಿ, ಯಾಕೆ ಬಿಟ್ಟಿರಿ ಬರೆದರೆ ಅದೂ ಸರಿಯಾದ ಟಿಪ್ಪಣಿಯೇ, ನಾಚಿಕೆ ಪಡಬೇಕಾಗಿಲ್ಲ.

ಕೊನೆಗೆ ತಾರೀಕು, ಬೆಲೆ ಎರಡನ್ನೂ ಹಾಕಿ. ಭಟ್ಟರು ಕೆಲಸ ಬಿಟ್ಟು ಹೋದರೆ ಹೋಟೆಲ್ಲಿನ ಟಿಪ್ಪಣಿ ಮರುದಿನಕ್ಕೇ ಹಳತಾಗುತ್ತದೆ. ಅಂಥ ಸುದ್ದಿ ಕಿವಿಗೆ ಬಿದ್ದರೆ ಹಳೆಯದರ ಕೆಳಗೆ “ಭಟ್ಟರು ಬದಲಾಗಿದ್ದಾರೆ, ಮತ್ತೆ ತಿಂದು ನೋಡಬೇಕು” ಅಂತ ಒಂದು ಸಾಲು ಸೇರಿಸಿ. ಹೊಸಬರ ಖಾಲಿದೋಸೆ ತಿನ್ನುವ ತನಕ ಅಷ್ಟೇ ಇರಲಿ.